ಊರಿನ ಕಸ, ಊರಂಚಿನ ಹೊಲ



ಊರಿಗೆ ಪ್ರಯೋಜನಕ್ಕೆ ಬರುವ ಒಂದು ವಿಷಯವನ್ನು ಸಾರ್ವಜನಿಕರ ಮುಂದೆ ಇಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ಒಪ್ಪುವಂತೆ ನಾನು ಇವತ್ತು ಸಣ್ಣ ಊರುಗಳ ಕಸ, ಕೊಳಚೆ ಮತ್ತು ಗುಜರಿಯ ಬಗ್ಗೆ ಮಾತಾಡುತ್ತೇನೆ. ವರ್ತುಲ ಆರ್ಥಿಕತೆ ಎಂಬ ಹೆಸರಿನಲ್ಲಿ ಇದೇ ವಿಷಯ ಈಗ ಸರ್ಕಾರದ ನೀತಿಗಳಲ್ಲೂ ಕಂಪನಿಗಳ ವರದಿಗಳಲ್ಲೂ ಓಡಾಡುತ್ತಿದೆ. ಭೂಮಿಯಿಂದ ತೆಗೆದು, ಸರಕು ಮಾಡಿ, ಬಳಸಿ, ಬಿಸಾಡುವ ದಾರಿ ಒಂದು. ಕೈಗೆ ಬಂದ ವಸ್ತುವನ್ನು ಆದಷ್ಟು ಕಾಲ ಬಳಕೆಯಲ್ಲಿ ಇಟ್ಟುಕೊಂಡು, ಕಡೆಗೆ ಅದನ್ನು ಮಣ್ಣಿಗೋ ಕಾರ್ಖಾನೆಗೋ ಮರಳಿಸುವ ವರ್ತುಲದ ದಾರಿ ಇನ್ನೊಂದು. ಈ ಎರಡನೆಯ ದಾರಿಯನ್ನು ಕುರಿತ ಚರ್ಚೆಯೆಲ್ಲ ಮಹಾನಗರಗಳ ಸುತ್ತಲೇ ನಡೆಯುತ್ತಿದೆ. ಇದು ಮಹಾನಗರಗಳದ್ದೇ ವಿಷಯ ಎಂದು ನನಗೆ ಅನ್ನಿಸುವುದಿಲ್ಲ. ಇದು ಮೊದಲು ಕೈಗೂಡಬಹುದಾದ ಜಾಗ ಪುರಸಭೆ, ಪಟ್ಟಣ ಪಂಚಾಯಿತಿಗಳ ಊರುಗಳು. ಕಾರಣ ಸರಳವಾದದ್ದು. ಈ ಊರುಗಳ ಕೊನೆಯ ಮನೆ ಮುಗಿಯುತ್ತಿದ್ದಂತೆ ಹೊಲ ಶುರುವಾಗುತ್ತದೆ.

ಕರ್ನಾಟಕದಲ್ಲಿ ಮುನ್ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿವೆ. 20 ಸಾವಿರದಿಂದ 50 ಸಾವಿರ ಜನಸಂಖ್ಯೆಯ ಊರಿಗೆ ಪುರಸಭೆ, ಅದಕ್ಕಿಂತ ಚಿಕ್ಕದಕ್ಕೆ ಪಟ್ಟಣ ಪಂಚಾಯಿತಿ. ಸುತ್ತಲ ಹಳ್ಳಿಗಳ ರಾಗಿ, ತರಕಾರಿ, ಹಾಲು, ತೆಂಗು ಈ ಊರುಗಳಿಗೆ ಬರುತ್ತವೆ. ಹೊಲದಿಂದ ಊರಿಗೆ ಬಂದ ಸಾರ ಮರಳಿ ಹೊಲಕ್ಕೆ ಹೋಗುತ್ತಿದೆಯೇ ಎಂಬುದೇ ನನ್ನ ಇವತ್ತಿನ ಪ್ರಶ್ನೆ.

ಈ ಪ್ರಶ್ನೆಯನ್ನು ವಿಜ್ಞಾನಿಯೊಬ್ಬರು ನಮ್ಮ ನೆಲದಲ್ಲೇ ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕೈಗೆತ್ತಿಕೊಂಡಿದ್ದರು. ಗೊಬ್ಬರ ಮಾಡುವ, ಆಲ್ಬರ್ಟ್ ಹೊವರ್ಡ್ ಅವರ ಇಂದೋರ್ ಪದ್ಧತಿಯ ಹೆಸರು ಕೃಷಿ ಓದಿದವರಿಗೆಲ್ಲ ಗೊತ್ತು. ಬೆಂಗಳೂರು ಪದ್ಧತಿಯ ಹೆಸರು ಬೆಂಗಳೂರಿನವರಿಗೇ ಗೊತ್ತಿಲ್ಲ. ನಾನು ಹೇಳಿದ ಆ ವಿಜ್ಞಾನಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ಎನ್. ಆಚಾರ್ಯ ಅವರು, 1939ರಲ್ಲಿ ಅದನ್ನು ರೂಪಿಸಿದರು. ಸುಮಾರು ಒಂದು ಮೀಟರ್ ಆಳದ ಗುಂಡಿ. ಒಂದು ಪದರ ಊರಿನ ಕಸ, ಅದರ ಮೇಲೆ ತೆಳುವಾಗಿ ಒಂದು ಪದರ ಮಲ, ಮತ್ತೆ ಕಸ. ಗುಂಡಿ ತುಂಬಿದ ಮೇಲೆ ಮಣ್ಣು ಮೆತ್ತಿ ಮುಚ್ಚುವುದು. ಮಗುಚಬೇಕಾಗಿಲ್ಲ, ನೀರು ಹಾಕಬೇಕಾಗಿಲ್ಲ. ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಯಂತ್ರವನ್ನೂ ವಿದ್ಯುತ್ತನ್ನೂ ಕೇಳದ ಈ ವಿಧಾನ ನಗರಸಭೆಗಳ ಕಸ ವಿಲೇವಾರಿಯನ್ನೂ ರೈತನ ಗೊಬ್ಬರದ ಕೊರತೆಯನ್ನೂ ಒಟ್ಟಿಗೆ ನೋಡಿತ್ತು. ದೇಶದ ಅನೇಕ ಊರುಗಳು ಇದನ್ನು ಅನುಸರಿಸಿದವು.

ಗೊಬ್ಬರಕ್ಕೆ ಗಿರಾಕಿ ಇರಲಿಲ್ಲವೇ? ಧಾರಾಳವಾಗಿ ಇದ್ದರು. ಹುಬ್ಬಳ್ಳಿ-ಧಾರವಾಡದಲ್ಲಿ ಗುಂಡಿಗಳಲ್ಲಿ ಕೊಳೆತ ಊರ ಕಸವನ್ನು ಹರಾಜು ಹಾಕುತ್ತಿದ್ದರು. ಸುತ್ತಲ ಹಳ್ಳಿಗಳ ರೈತರು ಬಂದು ಸವಾಲು ಕೂಗಿ, ಗುಂಡಿ ಹಿಡಿದು, ಗಾಡಿ ಕಟ್ಟಿ ಹೊಲಕ್ಕೆ ಒಯ್ಯುತ್ತಿದ್ದರು. ಕಸಕ್ಕೆ ಬೆಲೆ ಇತ್ತು, ಆ ಬೆಲೆಯನ್ನು ರೈತನೇ ಕೊಡುತ್ತಿದ್ದ. ಕಳೆದ ಶತಮಾನದ ಕೊನೆಯ ಹೊತ್ತಿಗೆ ಈ ವ್ಯವಹಾರ ಕುಸಿಯಿತು. ಕೂಲಿ ಆಳು ಸಿಗುವುದು ಕಷ್ಟವಾದದ್ದು ಒಂದು ಕಾರಣ. ದೊಡ್ಡ ಕಾರಣ ಕಸದಲ್ಲೇ ಇತ್ತು. ಅದರೊಳಗೆ ಪ್ಲಾಸ್ಟಿಕ್ ಬಂತು, ಒಡೆದ ಗಾಜು ಬಂತು, ಆಸ್ಪತ್ರೆಗಳ ಸೂಜಿ ಬಂತು. ಬರಿಗಾಲಲ್ಲಿ ಹೊಲ ತಿರುಗುವವನು, ಎತ್ತು ಹೂಡುವವನು ಅಂಥ ಗೊಬ್ಬರವನ್ನು ಯಾಕೆ ಹಾಕಿಸಿಕೊಳ್ಳುತ್ತಾನೆ?

ಈ ಹರಾಜಿನ ಕಥೆಯನ್ನು ನಾನು ಎಲ್ಲ ಪುರಸಭೆಗಳ ಗೋಡೆಯ ಮೇಲೆ ಬರೆಸಬೇಕು ಅನ್ನುತ್ತೇನೆ. ತಂತ್ರಜ್ಞಾನ ಇಲ್ಲದ್ದರಿಂದ ವರ್ತುಲ ಕಡಿಯಲಿಲ್ಲ. ರೈತನಿಗೆ ಬೇಡವಾದದ್ದರಿಂದ ಕಡಿಯಲಿಲ್ಲ. ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದದ್ದರಿಂದ ಕಡಿಯಿತು.

ಹಳೆಯ ವ್ಯವಸ್ಥೆಯನ್ನು ಹೊಗಳಿ ಇಲ್ಲಿಗೆ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಬೆಂಗಳೂರು ಪದ್ಧತಿಯ ಗುಂಡಿಗೆ ಮಲದ ಪದರ ಬಂದು ಬೀಳುತ್ತಿದ್ದುದು ಹೇಗೆ? ಮನುಷ್ಯರು ಅದನ್ನು ಬಳಿದು, ಬಕೆಟ್ಟಿನಲ್ಲಿ, ಬುಟ್ಟಿಯಲ್ಲಿ, ತಲೆಯ ಮೇಲೆ ಹೊತ್ತು ತರುತ್ತಿದ್ದರು. ಅವರು ಯಾವ ಕೇರಿಯಿಂದ ಬರುತ್ತಿದ್ದರು ಎಂದು ಈ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಸಾರ ಹೊಲಕ್ಕೆ ಮರಳುತ್ತಿತ್ತು ನಿಜ. ಅದು ಒಂದು ಜಾತಿಯ ಜನರ ನೆತ್ತಿಯ ಮೇಲೆ ಮರಳುತ್ತಿತ್ತು. 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ದೇಶದ ಮಟ್ಟದ ಕಾನೂನು ಬರಲು 1993ರ ತನಕ ಕಾಯಬೇಕಾಯಿತು. 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಕಾನೂನು ಬಂತು. ಇಷ್ಟಾದರೂ ಮ್ಯಾನ್‌ಹೋಲಿಗೆ ಇಳಿದವರು ಸತ್ತ ಸುದ್ದಿ ಪತ್ರಿಕೆಯಲ್ಲಿ ಬರುವುದು ನಿಂತಿಲ್ಲ.

ಹಾಗಾಗಿ ನಮ್ಮ ಮುಂದಿರುವ ಕೆಲಸ ಹಳೆಯದನ್ನು ಮರಳಿ ತರುವುದಕ್ಕಿಂತ ಕಷ್ಟದ್ದು. ಊರಿಗೂ ಹೊಲಕ್ಕೂ ನಡುವಿನ ಆ ಕೊಂಡಿಯನ್ನು ಮತ್ತೆ ಕೂಡಿಸಬೇಕು, ಅದನ್ನು ಯಾರ ತಲೆಯ ಮೇಲೂ ಹೊರಿಸದೆ ಕೂಡಿಸಬೇಕು. ಯಾವ ಯೋಜನೆಯನ್ನೇ ನನ್ನ ಮುಂದೆ ತಂದರೂ ನಾನು ಮೊದಲು ನೋಡುವುದು ಈ ಎರಡನೆಯ ಶರತ್ತನ್ನು.

ಇದು ಆಗುವಂಥದ್ದು ಎನ್ನಲು ದೇವನಹಳ್ಳಿ ಸಾಕ್ಷಿ. 2011ರ ಜನಗಣತಿಯಲ್ಲಿ 28 ಸಾವಿರದಷ್ಟು ಜನರಿದ್ದ ಊರು. ಪಕ್ಕದಲ್ಲೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬಂದರೂ ಊರಿಗೆ ಒಳಚರಂಡಿ ಇರಲಿಲ್ಲ. ನಮ್ಮ ಬಹುತೇಕ ಸಣ್ಣ ಊರುಗಳ ಹಾಗೆ ಮನೆಮನೆಗೊಂದು ಶೌಚದ ಗುಂಡಿ. ತುಂಬಿದಾಗ ಸಕ್ಕಿಂಗ್ ಟ್ಯಾಂಕರಿನವನಿಗೆ ಫೋನು. ಅವನು ಎಳೆದುಕೊಂಡು ಹೋದದ್ದನ್ನು ಎಲ್ಲಿ ಬಿಡುತ್ತಾನೆ ಎಂದು ನಾವು ಕೇಳುವುದಿಲ್ಲ. ರಾತ್ರಿ ಹೊತ್ತು ಕೆರೆಯ ಕೋಡಿಯಲ್ಲೋ ರಾಜಕಾಲುವೆಯಲ್ಲೋ ಬಿಡುತ್ತಾನೆ, ಇಲ್ಲವೇ ಬಾಳೆ ತೋಟದವರು ಕರೆದು ಬಿಡಿಸಿಕೊಳ್ಳುತ್ತಾರೆ. ಅದರ ಸತ್ವ ರೈತನಿಗೆ ಗೊತ್ತು. ಅದರೊಳಗಿನ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

2015ರಲ್ಲಿ ಸಿಡಿಡಿ ಸೊಸೈಟಿ ಎಂಬ ಸಂಸ್ಥೆಯ ನೆರವಿನಿಂದ ಅಲ್ಲಿ ಮಲದ ಕೆಸರನ್ನು ಸಂಸ್ಕರಿಸುವ ಘಟಕ ಶುರುವಾಯಿತು. ಇಡೀ ಒಂದು ಪಟ್ಟಣಕ್ಕೆಂದು ದೇಶದಲ್ಲಿ ಕಟ್ಟಿದ ಇಂಥ ಘಟಕಗಳಲ್ಲಿ ಅದು ಮೊದಲಿನದು. ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯ, ಅಂದರೆ ಎರಡು ಮೂರು ಟ್ಯಾಂಕರ್ ಲೋಡು. ಟ್ಯಾಂಕರು ಎತ್ತರದ ತುದಿಯಲ್ಲಿ ಬಂದು ಖಾಲಿಯಾಗುತ್ತದೆ. ಅಲ್ಲಿಂದ ಇಳಿಜಾರಿನಲ್ಲೇ ಎಲ್ಲ ನಡೆಯುತ್ತದೆ. ಗಟ್ಟಿ ಭಾಗ ತೊಟ್ಟಿಗಳಲ್ಲಿ ತಂಗಿ, ಹದವಾಗಿ, ಮರಳು-ಜಲ್ಲಿಯ ಹಾಸಿನ ಮೇಲೆ ಬಿಸಿಲಿಗೆ ಒಣಗುತ್ತದೆ. ನೀರು ಜಲ್ಲಿ ಮತ್ತು ಗಿಡಗಳ ಬೇರಿನ ನಡುವೆ ಸೋಸಿ ಹೋಗುತ್ತದೆ. ಒಣಗಿದ ಕೆಸರನ್ನು ಪುರಸಭೆಯ ಹಸಿ ಕಸದ ಜೊತೆ ಕಲಸಿ ರಾಶಿ ಹಾಕಿದರೆ ಆ ರಾಶಿಯ ಬಿಸಿಗೆ ಜಂತಿನ ಮೊಟ್ಟೆಗಳೂ ರೋಗಾಣುಗಳೂ ಸಾಯುತ್ತವೆ. ಹಾಗೆ ಆದ ಗೊಬ್ಬರವನ್ನು ರೈತರು ಕೊಂಡರು. 1939ರ ಎರಡು ಪದರಗಳೇ ಇಲ್ಲಿಯೂ ಇವೆ, ಕಸ ಮತ್ತು ಮಲ. ನಡುವಿನ ಮನುಷ್ಯನ ತಲೆ ಇಲ್ಲ. ನನಗೆ ಈ ಘಟಕದ ಬಗ್ಗೆ ಇರುವ ಗೌರವಕ್ಕೆ ಇದೇ ಕಾರಣ.

ಈಗ ಸ್ವಲ್ಪ ಲೆಕ್ಕ. ಲೆಕ್ಕ ಹಾಕದೆ ಪುರಸಭೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. 30 ಸಾವಿರ ಜನರ ಒಂದು ಊರು ತೆಗೆದುಕೊಳ್ಳೋಣ. ಸಣ್ಣ ಊರುಗಳಲ್ಲಿ ತಲೆಗೆ ದಿನಕ್ಕೆ 200ರಿಂದ 300 ಗ್ರಾಂ ಕಸ ಬರುತ್ತದೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. 300 ಗ್ರಾಂ ಎಂದಿಟ್ಟುಕೊಂಡರೆ ದಿನಕ್ಕೆ 9 ಟನ್. ಅರ್ಧ ಹಸಿ ಕಸ ಎಂದರೆ ನಾಲ್ಕೂವರೆ ಟನ್. ಅದು ಕೊಳೆತು, ನೀರು ಆರಿ, ಐದನೇ ಒಂದು ಭಾಗ ಗೊಬ್ಬರವಾಗಿ ಉಳಿದರೆ ದಿನಕ್ಕೆ 900 ಕೆ.ಜಿ., ವರ್ಷಕ್ಕೆ 300 ಟನ್ನಿಗೆ ಸ್ವಲ್ಪ ಮೇಲೆ. ಮಳೆಯಾಶ್ರಿತ ರಾಗಿಗೆ ಎಕರೆಗೆ ಸುಮಾರು 3 ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಎಂದು ಕೃಷಿ ವಿಶ್ವವಿದ್ಯಾಲಯ ಹೇಳುತ್ತದೆ. ಅಂದರೆ ಇಡೀ ಊರಿನ ಒಂದು ವರ್ಷದ ಗೊಬ್ಬರ ಸಾಲುವುದು ನೂರು ಎಕರೆಗೆ ಮಾತ್ರ!

ನೂರು ಎಕರೆ ಎಂದರೆ ಎಷ್ಟು? ಊರಿನಿಂದ ಹೊರಡುವ ಒಂದೇ ರಸ್ತೆಯ ಇಕ್ಕೆಲದಲ್ಲಿ ಎರಡು ಮೂರು ಕಿಲೋಮೀಟರಿನೊಳಗೆ ಸಿಗುತ್ತದೆ. ಬೆಂಗಳೂರಿನ ಕಸಕ್ಕೆ ಈ ಭಾಗ್ಯವಿಲ್ಲ. ಅಲ್ಲಿನ ಲಾರಿ ಹೊಲ ಮುಟ್ಟುವ ಹೊತ್ತಿಗೆ ಡೀಸೆಲ್ ಖರ್ಚೇ ಗೊಬ್ಬರದ ಬೆಲೆಯನ್ನು ನುಂಗಿರುತ್ತದೆ. ಗೊಬ್ಬರ ಮಾಡಿದರೆ ಕೊಳ್ಳುವವರು ಯಾರು ಎಂದು ಮುಖ್ಯಾಧಿಕಾರಿಗಳು ಕೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಆ ಪ್ರಶ್ನೆಗೆ ನನ್ನ ಉತ್ತರ ಈ ನೂರು ಎಕರೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಎಷ್ಟು ವ್ಯಾಪಕವಾಗಿ ಕಡಿಮೆಯಾಗಿವೆ ಎಂದು ತೋರಿಸಿದವು. ಮಣ್ಣು ಹಸಿದಿದೆ. ಕೊಳ್ಳುವವನಿಗೆ ಬೇಕಾಗಿರುವುದು ನಂಬಿಕೆ. 2016ರಲ್ಲಿ ಕೇಂದ್ರ ಸರ್ಕಾರ ನಗರ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿಯ ಮಾರಾಟ ನೆರವು ಪ್ರಕಟಿಸಿತ್ತು. ಒಳ್ಳೆಯದೇ. ಆದರೆ ಗೊಬ್ಬರದಲ್ಲಿ ಗಾಜಿನ ಚೂರು ಇರುವ ತನಕ ಯಾವ ನೆರವೂ ರೈತನ ಮನಸ್ಸನ್ನು ತಿರುಗಿಸುವುದಿಲ್ಲ.

ಕಸ ಬೇರ್ಪಡಿಸದೆ ಮಾಡಿದ ಗೊಬ್ಬರವನ್ನು ಜರಡಿ ಹಿಡಿಯುವಾಗ ಒಮ್ಮೆ ಹತ್ತಿರ ನಿಂತು ನೋಡಿ. ಜರಡಿಯ ಮೇಲೆ ಉಳಿಯುವುದು ಶಾಂಪೂ ಪೊಟ್ಟಣ, ಗುಟ್ಕಾ ಚೀಟಿ, ಬಳೆಚೂರು, ಬ್ಲೇಡು, ತೆಂಗಿನ ಚಿಪ್ಪು. ಅವನ್ನು ಆರಿಸಿ ಎಸೆಯಬಹುದು. ಜರಡಿಯ ಕಣ್ಣಿನಲ್ಲಿ ಇಳಿದುಹೋಗುವುದು ನಾವು ಬೆಳಿಗ್ಗೆ ಹಾಲಿನ ಕವರಿನಿಂದ ಕತ್ತರಿಸಿ ಬಿಸಾಡಿದ ಆ ಮೂಲೆ. ಉಗುರಿನಷ್ಟು ಪ್ಲಾಸ್ಟಿಕ್. ಅದು ಯಾರ ಕೈಗೂ ಸಿಗದೆ ಗೊಬ್ಬರದ ಜೊತೆ ಹೊಲ ಸೇರುತ್ತದೆ, ಮುಂದಿನ ವರ್ಷ ಇನ್ನಷ್ಟು ಸೇರುತ್ತದೆ. ಕವರನ್ನು ಪೂರ್ತಿ ಕತ್ತರಿಸದೆ, ಮೂಲೆ ಅಂಟಿಕೊಂಡೇ ಇರುವಂತೆ ಸೀಳಿದರೆ ಸಾಕು, ಅದು ಕವರಿನ ಜೊತೆಯೇ ಹೋಗುತ್ತದೆ. ಟ್ಯೂಬ್‌ಲೈಟಿನ ಪಾದರಸ, ಹಳೆಯ ಸೆಲ್ಲಿನ ವಿಷ ಇವು ಕಣ್ಣಿಗೇ ಕಾಣುವುದಿಲ್ಲ. ಆದ್ದರಿಂದಲೇ 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಮನೆಯ ಅಪಾಯಕಾರಿ ಕಸವನ್ನು ಮನೆಬಾಗಿಲಲ್ಲೇ ಬೇರೆ ಮಾಡಿ ಕೊಡಬೇಕೆಂದು ಹೇಳಿದವು. ಒಮ್ಮೆ ಬೆರೆತ ಮೇಲೆ ಅದನ್ನು ಬೇರ್ಪಡಿಸುವ ಯಂತ್ರವಿದೆ ಎಂದು ಯಾರಾದರೂ ಮಾರಾಟಕ್ಕೆ ಬಂದರೆ ದಯವಿಟ್ಟು ನಂಬಬೇಡಿ.

ಮನೆಬಾಗಿಲ ಕೆಲಸ ಹೇಗೆ ಆಗುತ್ತದೆ ಎನ್ನುವುದಕ್ಕೆ ಛತ್ತೀಸ್‌ಗಢದ ಅಂಬಿಕಾಪುರವನ್ನು ನೋಡಬೇಕು. ಲಕ್ಷ ದಾಟಿದ ಜನಸಂಖ್ಯೆಯ, ಕೈಗಾರಿಕೆ ಕಡಿಮೆ ಇರುವ ಊರು. 2015ರಿಂದ ಅಲ್ಲಿ ಸ್ವಸಹಾಯ ಗುಂಪುಗಳ ನಾಲ್ಕು ನೂರಕ್ಕೂ ಹೆಚ್ಚು ಮಹಿಳೆಯರು ತಳ್ಳುಗಾಡಿ, ರಿಕ್ಷಾಗಳಲ್ಲಿ ಮನೆಮನೆಗೆ ಹೋಗಿ ಬೇರೆ ಬೇರೆಯಾಗಿಯೇ ಕಸ ಪಡೆದು, ವಾರ್ಡುಗಳ ನಡುವೆ ಹಂಚಿಕೊಂಡ ಸಣ್ಣ ಕೇಂದ್ರಗಳಲ್ಲಿ ಮತ್ತೊಮ್ಮೆ ವಿಂಗಡಿಸುತ್ತಾರೆ. ಅವರ ಸಂಪಾದನೆ ಬರುವುದು ಮನೆಗಳು ಕೊಡುವ ಶುಲ್ಕ ಮತ್ತು ಮಾರಿದ ವಸ್ತುವಿನ ಹಣದಿಂದ. ಊರ ಹೊರಗಿನ ಹದಿನೈದು ಎಕರೆಯಷ್ಟಿದ್ದ ಕಸದ ಗುಡ್ಡ ಕರಗಿ ಉದ್ಯಾನವಾಯಿತು. ಕೋಟಿಗಟ್ಟಲೆಯ ಒಂದೇ ಘಟಕವನ್ನು ದೂರದಲ್ಲಿ ಕಟ್ಟದೆ, ಚಿಕ್ಕ ಚಿಕ್ಕ ಕೇಂದ್ರಗಳನ್ನು ಜನವಸತಿಯ ಹತ್ತಿರವೇ ಇಟ್ಟರು. ಕಸ ಹತ್ತಿರವೇ ಇದ್ದರೆ ಅದು ಗಬ್ಬು ನಾರದಂತೆ ನೋಡಿಕೊಳ್ಳಲೇಬೇಕಾಗುತ್ತದೆ. ಬೆಳಿಗ್ಗೆ ಬಂದದ್ದು ಸಂಜೆಯೊಳಗೆ ತೀರಲೇಬೇಕಾಗುತ್ತದೆ.

ಒಣ ಕಸದ ವಿಚಾರ ಬೇರೆ. ಅದಕ್ಕೆ ಊರಂಚಿನ ಹೊಲ ಸಾಲದು, ದೂರದ ಕಾರ್ಖಾನೆಯೇ ಬೇಕು. ಒಂದು ಲಾರಿ ತುಂಬುವಷ್ಟು ಸರಕು ಒಂದು ಪಟ್ಟಣದಲ್ಲಿ ಬೇಗ ಕೂಡುವುದಿಲ್ಲ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ದಿನಕ್ಕೆ 10 ಟನ್ ಸಾಮರ್ಥ್ಯದ ಒಂದು ಘಟಕ, ಅದಕ್ಕೆ ಸುತ್ತಲಿನ ಹಲವಾರು ಗ್ರಾಮ ಪಂಚಾಯಿತಿಗಳ ಒಣ ಕಸ. ಒಂದೊಂದು ಪಂಚಾಯಿತಿಯೂ ಕಸವನ್ನು ಒತ್ತಿ ಮೂಟೆ ಕಟ್ಟುವ ಬೇಲಿಂಗ್ ಯಂತ್ರವನ್ನು ಪ್ರತ್ಯೇಕವಾಗಿ ಕೊಂಡು ತುಕ್ಕು ಹಿಡಿಸುವುದಕ್ಕಿಂತ ಇದು ಎಷ್ಟೋ ಮೇಲು. ನಾಲ್ಕು ಪುರಸಭೆಗಳು ಸೇರಿ ಇದನ್ನು ಮಾಡಬಹುದು.

ಹೀಗೆ ಕೂಡಿಸಿದ ಮೇಲೂ ಒಂದು ಪಾಲು ಉಳಿಯುತ್ತದೆ. ರಟ್ಟು, ನೀರಿನ ಬಾಟಲಿ, ಹಾಲಿನ ಕವರು, ಕಬ್ಬಿಣ, ಇವಕ್ಕೆ ಗುಜರಿಯಲ್ಲಿ ತೂಕಕ್ಕೆ ದುಡ್ಡಿದೆ. ಚಿಪ್ಸ್, ಬಿಸ್ಕತ್ತು, ಗುಟ್ಕಾದ ಹೊಳೆಯುವ ಪೊಟ್ಟಣಕ್ಕೆ ಏನೂ ಇಲ್ಲ, ಏಕೆಂದರೆ ಅದರಲ್ಲಿ ಪ್ಲಾಸ್ಟಿಕ್ಕೂ ಲೋಹದ ಲೇಪವೂ ಬಿಡಿಸಲಾಗದಂತೆ ಅಂಟಿಕೊಂಡಿವೆ. ಅದು ಕಡೆಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗಿ ಉರಿಯುತ್ತದೆ, ಅಷ್ಟು ದೂರ ಸಾಗಿಸುವ ಬಾಡಿಗೆ ಊರಿನ ತಲೆಗೆ ಬರುತ್ತದೆ. ಪೊಟ್ಟಣ ಮಾಡಿದ ಕಂಪನಿಯೇ ಅದರ ಹೊಣೆ ಹೊರಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ವಿವರವಾದ ಮಾರ್ಗಸೂಚಿ ಹೊರಡಿಸಿದೆ. ಆ ಹೊಣೆಯ ಹಣ ಪೊಟ್ಟಣವನ್ನು ಕೈಯಿಂದ ಆರಿಸುವ ಹೆಣ್ಣುಮಗಳ ತನಕ ಇಳಿದು ಬರಬೇಕು. ಬಾರದಿದ್ದರೆ ಕಂಪನಿಯ ಹೊಣೆಯನ್ನು ನಮ್ಮ ಊರಿನ ಅತಿ ಬಡವರೇ ಹೊರುತ್ತಿದ್ದಾರೆ ಎಂದೇ ಅರ್ಥ. ಇದು ನನಗೆ ಸಿಟ್ಟು ಬರಿಸುವ ವಿಷಯ, ಅದನ್ನು ಮುಚ್ಚಿಡುವುದಿಲ್ಲ.

ಕಸವಾಗುವ ಮೊದಲೇ ವಸ್ತುವನ್ನು ಉಳಿಸುವ ವಿದ್ಯೆ ಸಣ್ಣ ಊರಿನಲ್ಲಿ ಇನ್ನೂ ಜೀವಂತವಾಗಿದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಲ್ಲದ ತಾಲ್ಲೂಕು ಕೇಂದ್ರವನ್ನು ನಾನು ನೋಡಿಲ್ಲ. ಸುಟ್ಟ ಪಂಪಿನ ಮೋಟರು ಬರುತ್ತದೆ. ಹುಡುಗ ಕಪ್ಪಾದ ಸುರುಳಿಯನ್ನು ಕತ್ತರಿಸಿ ಎಳೆದು ತೆಗೆದು ತೂಕಕ್ಕೆ ಇಡುತ್ತಾನೆ. ಆ ತಾಮ್ರಕ್ಕೂ ಬೆಲೆ ಇದೆ. ಹಳೆಯ ಸುತ್ತುಗಳನ್ನು ಎಣಿಸಿ ಬರೆದುಕೊಂಡು, ಅಷ್ಟೇ ಸುತ್ತು ಹೊಸ ತಂತಿ ಸುತ್ತಿ, ಒಂದೊಂದೇ ಕಂಡಿಗೆ ಬೆರಳಿನಿಂದ ಒತ್ತಿ ಕೂರಿಸಿ, ವಾರ್ನಿಷ್ ಎರೆದು ಒಣಗಿಸುತ್ತಾನೆ. ಬೆಳೆ ಒಣಗುವ ಮೊದಲು ಮೋಟರು ಬಾವಿಗೆ ಇಳಿಯುತ್ತದೆ. ಮಿಕ್ಸಿ, ಫ್ಯಾನು, ಹೊಲಿಗೆ ಯಂತ್ರ, ಸ್ಟೌ ರಿಪೇರಿಯವರದೂ ಇದೇ ಕಥೆ. ಈ ಕೈಗಳಿಗೆ ಐಟಿಐ ಪ್ರಮಾಣಪತ್ರವಿಲ್ಲ, ಬ್ಯಾಂಕಿನಲ್ಲಿ ಸಾಲವಿಲ್ಲ, ಪುರಸಭೆಯ ಮಳಿಗೆ ಹರಾಜಿನಲ್ಲಿ ಮೊಬೈಲ್ ಅಂಗಡಿಯವರ ಮುಂದೆ ನಿಲ್ಲುವ ಶಕ್ತಿಯಿಲ್ಲ. ವರ್ತುಲ ಆರ್ಥಿಕತೆಗೆ ಹಣ ತೆಗೆದಿಡುವವರು ಮೊದಲು ಈ ಬೀದಿಗೆ ಬರಬೇಕು.

ತಿಪಟೂರಿನ ಕಡೆಯವರು ಇಲ್ಲಿದ್ದರೆ ಒಪ್ಪುತ್ತಾರೆ, ತೆಂಗಿನಕಾಯಿಯನ್ನು ಅವರಷ್ಟು ಪೂರ್ತಿಯಾಗಿ ಬಳಸುವವರು ವಿರಳ. ಕಾಯಿ ಅಟ್ಟದ ಮೇಲೆ ವರ್ಷದಷ್ಟು ಕಾಲ ಕೂತು ಉಂಡೆ ಕೊಬ್ಬರಿಯಾಗುತ್ತದೆ. ಮಟ್ಟೆಯಿಂದ ನಾರು, ನಾರು ಬಿಡಿಸಿದಾಗ ಉದುರುವ ಪುಡಿ ನರ್ಸರಿಗಳಿಗೆ, ಚಿಪ್ಪು ಇದ್ದಿಲಿಗೆ. ಆದರೆ ಒಂದು ವಸ್ತು ಮತ್ತೆ ಬಳಕೆಯಾಯಿತು ಎಂದ ಮಾತ್ರಕ್ಕೆ ಒಳ್ಳೆಯದಾಯಿತು ಎನ್ನಲಾಗದು. ಮಂಡಕ್ಕಿ ಭಟ್ಟಿಗಳಲ್ಲಿ ಹಳೆಯ ಟೈರು ಉರಿಸುತ್ತಿದ್ದ ಕಾಲವಿತ್ತು. ಟೈರು ಖಾಲಿಯಾಗುತ್ತಿತ್ತು, ಭಟ್ಟಿಯ ಮುಂದೆ ನಿಂತವರ ಶ್ವಾಸಕೋಶ ಹಾಳಾಗುತ್ತಿತ್ತು. ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆದು ಸೀಸ ಕರಗಿಸುವುದೂ ಅಂಥದ್ದೇ. ಅಲ್ಲಿ ಆಡುವ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ. ಯಾರ ತಲೆಯ ಮೇಲೂ ಹೊರಿಸಬಾರದು ಎಂದು ನಾನು ಆಗ ಹೇಳಿದ ಶರತ್ತು ಇಲ್ಲಿಯೂ ಅನ್ವಯಿಸುತ್ತದೆ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನನ್ನ ಸಲಹೆ ಮನೆಗಳಿಂದ ಬೇಡ ಎಂದೇ. ತರಕಾರಿ ಮಾರುಕಟ್ಟೆ, ಸಂತೆ ಮೈದಾನ, ಹೋಟೆಲುಗಳು, ಮದುವೆ ಛತ್ರಗಳು ಮೊದಲು. ಇಲ್ಲಿ ಹಸಿ ಕಸ ರಾಶಿಯಾಗಿ, ಹೆಚ್ಚು ಬೆರಕೆಯಿಲ್ಲದೆ ಸಿಗುತ್ತದೆ, ಮಾತಾಡಬೇಕಾದವರು ನಲವತ್ತೈವತ್ತು ಮಂದಿ ಮಾತ್ರ. ಛತ್ರಗಳಲ್ಲಿ ಪ್ಲಾಸ್ಟಿಕ್ ಲೋಟ, ಬಾಟಲಿಗಳ ಬದಲು ಸ್ಟೀಲಿನ ತಟ್ಟೆ-ಲೋಟಗಳನ್ನು ಬಾಡಿಗೆಗೆ ಕೊಡುವ ಪಾತ್ರೆ ಬ್ಯಾಂಕನ್ನು ಸ್ತ್ರೀಶಕ್ತಿ ಸಂಘಕ್ಕೆ ವಹಿಸಬಹುದು. ಈ ಹಸಿ ಕಸದಿಂದ ಮೊದಲ ವರ್ಷ ಹತ್ತು ಎಕರೆಗೆ ಆಗುವಷ್ಟು ಶುದ್ಧ ಗೊಬ್ಬರ ತೆಗೆದು, ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶದ ಚೀಟಿಯನ್ನು ಚೀಲಕ್ಕೆ ಅಂಟಿಸಿ, ಹತ್ತು ಜನ ರೈತರಿಗೆ ಕೊಡಿ. ಆ ಹೊಲಗಳನ್ನು ಪಕ್ಕದ ಹೊಲದವರು ನೋಡುತ್ತಾರೆ. ಮನೆಮನೆಯ ಬೇರ್ಪಡಿಸುವಿಕೆ ಅದರ ಜೊತೆಜೊತೆಗೆ ವಾರ್ಡು ವಾರ್ಡಾಗಿ ಬರಲಿ, ಬೇರ್ಪಡಿಸಿ ಕೊಟ್ಟ ಕಸವನ್ನು ಗಾಡಿಯಲ್ಲಿ ಮತ್ತೆ ಬೆರೆಸುವುದಿಲ್ಲ ಎಂಬ ಖಾತ್ರಿ ಇದ್ದರೆ ಮಾತ್ರ. ಜನ ಒಮ್ಮೆ ಆ ಬೆರಕೆಯನ್ನು ಕಣ್ಣಾರೆ ಕಂಡರೆ ಮತ್ತೆ ಬೇರ್ಪಡಿಸುವುದಿಲ್ಲ.

ಇದನ್ನೆಲ್ಲ ಕೇಳುವ ಜಾಗವೂ ಇದೆ. ಪುರಸಭೆಗಳು ಆಯವ್ಯಯಕ್ಕೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಸಾಮಾನ್ಯವಾಗಿ ಅಲ್ಲಿ ಬೀದಿದೀಪ, ರಸ್ತೆಗುಂಡಿಗಳ ಮಾತೇ ಮುಗಿಯುವುದಿಲ್ಲ, ಕುರ್ಚಿಗಳೂ ಅರ್ಧ ಖಾಲಿ. ಈ ಸಲ ಆ ಸಭೆಗೆ ಊರಂಚಿನ ರೈತರನ್ನು ಕರೆದುಕೊಂಡು ಹೋಗಿ. ಅವರು ಪುರಸಭೆಯ ಮತದಾರರಲ್ಲ ಎಂದು ಯಾರಾದರೂ ಅಂದರೆ, ಪುರಸಭೆಯ ಗೊಬ್ಬರಕ್ಕೆ ಅವರೇ ಗಿರಾಕಿ ಎಂದು ಹೇಳಿ. ಕಸ ಸಾಗಿಸುವ ಡೀಸೆಲ್ಲಿಗೆ ಎಷ್ಟು, ವಿಂಗಡಿಸುವ ಕೈಗಳ ಕೂಲಿಗೆ ಎಷ್ಟು ಎಂದು ಆಯವ್ಯಯ ಪುಸ್ತಕದ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ಓದಿಸಿ. ಸಕ್ಕಿಂಗ್ ಟ್ಯಾಂಕರುಗಳನ್ನು ನೋಂದಾಯಿಸಿದ್ದಾರೆಯೇ, ಅವು ಎಲ್ಲಿ ಖಾಲಿಯಾಗುತ್ತವೆ, ಗುಂಡಿಗೆ ಮನುಷ್ಯರು ಇಳಿಯುವುದಿಲ್ಲ ಎಂದು ಯಾರು ಸಹಿ ಹಾಕುತ್ತಾರೆ ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ನಕಲು ಪಡೆದು ಬನ್ನಿ.